ಮೂರನೆಯ ಎಲೆ

ಸೈದಾ ಚಿಗವ್ವನ ಜೊತೆ ಬಸ್ಸು ಹತ್ತುವುದೆಂದರೆ ನನ್ನ ಮರ್ಯಾದೆ ಮೂರಾಬಟ್ಟೆಯಾಗುವ ಕೆಲಸ. ಕದರಮಂಡಲಗಿಯಲ್ಲಿ ಹತ್ತಿದವಳು ರಾಣೆಬೆನ್ನೂರಿನಲ್ಲಿ ಇಳಿಯುವ ತನಕ ಕಿಟಕಿಗೆ ಮುಖ ಹಚ್ಚಿ, ದಾರಿಯ ಹೊಲಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದಳು. “ಅಲ್ಲಿ ನೋಡ, ಆ ಮೆಣಸಿನಕಾಯಿ ಹೊಲದಾಗ ಮೂರ ಬೆರಕಿ ಗಿಡ ನಿಂತಾವ. ಅವನ ಕಣ್ಣ ಊರಿಗೆ ಹೋಗ್ಯಾವೇನ?” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುವಳು. ಒಮ್ಮೆ ಆ ಹೊಲದ ಯಜಮಾನನೇ ನಮ್ಮ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಜಗಳವೋ ಜಗಳ. ಎರಡು ದಿನ ಬಿಟ್ಟು ಅದೇ ಮನುಷ್ಯ ಅವಳ ಮನೆ ಬಾಗಿಲಿಗೆ ಬಂದು, “ಮೂರಲ್ಲಬೇ ಯವ್ವಾ, ನಾಕ ಇದ್ದೂ” ಎಂದು ಒಪ್ಪಿಕೊಂಡು ಚಹಾ ಕುಡಿದು ಹೋದ. “ನಾಕನೇದೂ ಕಂಡಿತ್ತು. ನೀ ಬೈಯಾಕತ್ತಿದ್ದಿ, ಅದಕ್ಕ ಹೇಳಲಿಲ್ಲ” ಎಂದಳು ಚಿಗವ್ವ.

ಅವಳು ನನ್ನ ಸ್ವಂತ ಚಿಗವ್ವನಲ್ಲ. ನಮ್ಮ ಹಿತ್ತಲಿಗೆ ಹಿತ್ತಲು ಹಚ್ಚಿದ ಮನೆಯವಳು, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೋದ ಮಲಂಗಸಾಬನ ಹೆಂಡತಿ. ಅವಳೂ ನನ್ನ ಅವ್ವ ನೀಲಗಂಗವ್ವನೂ ಇಪ್ಪತ್ತು ವರ್ಷ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಹೊಲದಲ್ಲಿ ಒಟ್ಟಿಗೆ ದುಡಿದವರು. ಬೀಜದ ಹೊಲದಲ್ಲಿ ಗಿಡಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಇರಬೇಕು. ಬೇರೆ ಥರ ಕಂಡದ್ದು ಬೆರಕೆ. ಅದು ಹೂ ಬಿಡುವ ಮೊದಲೇ ಕಿತ್ತು ಬಿಸಾಡಬೇಕು. ಈ ಕೆಲಸದಲ್ಲಿ ಸೈದಾಬಿಯನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ಆದರೆ ಸಾವಿರ ಗಿಡದ ನಡುವೆ ಒಂದರ ಎಲೆ ಕೂದಲೆಳೆಯಷ್ಟು ಅಗಲವಾಗಿದ್ದರೂ ಬದುವಿನ ಮೇಲೆ ನಿಂತೇ ಹೇಳುತ್ತಿದ್ದಳು. ಎರಡನೆಯ ನಂಬರು ನನ್ನ ಅವ್ವನದು. ಅವ್ವನಿಗೆ ಕಲಿಸಿದವಳೂ ಅವಳೇ.

ನಾನು ಪ್ರೇಮಾ. ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್‌ಸಿ. ಮಾಡಿದವಳು. ಡಿ.ಎನ್.ಎ. ಎಂದರೆ ಏನು ಎಂದು ನೀವು ಕೇಳಿದರೆ ಒಂದೂವರೆ ಪುಟ ಉಸಿರು ಬಿಡದೆ ಒಪ್ಪಿಸುತ್ತಿದ್ದೆ. ಆ ಒಂದೂವರೆ ಪುಟ ನನ್ನ ಮನೆಯಲ್ಲಿ ಎಂಥ ಅನಾಹುತ ಮಾಡಿತು, ಓದು ಬಾರದ ಸೈದಾ ಚಿಗವ್ವ ಅದನ್ನು ಹೇಗೆ ಸರಿ ಮಾಡಿದಳು ಎಂಬುದನ್ನು ಹೇಳಲೇಬೇಕು. ಹೇಳದಿದ್ದರೆ ನನಗೆ ಉಂಡ ಅನ್ನ ದಕ್ಕುವುದಿಲ್ಲ.

ಶುರುವಾದದ್ದು ೧೯೮೬ರಲ್ಲಿ. ಕಂಪನಿಯಲ್ಲಿ ಹೊಸ ತಳಿಗಳ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಹಾಲಸಿದ್ದಪ್ಪ ಎಂಬ ಸಾಹೇಬರು ಬ್ಯಾಡಗಿ ಮೆಣಸಿನಕಾಯಿ ಬೀಜವನ್ನು ಮುಂಬೈಗೆ ಕಳಿಸಿ, ಅದಕ್ಕೆ ಗಾಮಾ ಕಿರಣ ಹಾಯಿಸಿ ತರಿಸಿದ್ದರು. ಕಿರಣ ಹಾದ ಬೀಜದಿಂದ ಬೇರೆ ಬೇರೆ ಗುಣದ ಗಿಡ ಹುಟ್ಟಿದರೆ, ಎಲೆ ಮುದುರುವ ರೋಗಕ್ಕೆ ಜಗ್ಗದ ಒಂದಾದರೂ ಸಿಕ್ಕೀತು ಎಂಬ ಆಸೆ ಅವರದು. ಅದೇ ಬೇಸಿಗೆಯಲ್ಲಿ ರಷ್ಯಾದಲ್ಲಿ ಅಣುಸ್ಥಾವರ ಸಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ಹೆಣ್ಣುಮಕ್ಕಳು ಆ ಬೀಜ ಮುಟ್ಟಲು ಒಲ್ಲೆವೆಂದು ಬದುವಿನ ಮೇಲೆ ಸಾಲಾಗಿ ಕುಳಿತುಬಿಟ್ಟರು. ಸೈದಾ ಚಿಗವ್ವ ಮುಂದೆ ಹೋಗಿ ಚೀಲದೊಳಗೆ ಮೊಣಕೈ ತನಕ ಕೈ ಹಾಕಿದಳು. “ಕಚ್ಚಂಗಿಲ್ಲ, ಬರ್ರೇ” ಎಂದಳು. ಅವಳೇ ಅದಕ್ಕೆ ‘ಕರೆಂಟ್ ಬೀಜ’ ಎಂದು ಹೆಸರಿಟ್ಟಳು.

ಆ ದಿನ ಬಿತ್ತಿ ಉಳಿದ ಒಂದು ಹಿಡಿ ಬೀಜ ಅವಳ ಸೆರಗಿನ ತುದಿಯಲ್ಲಿ ಗಂಟಾಗಿ ಕದ್ದುಮುಚ್ಚಿ ನಮ್ಮ ಊರಿಗೆ ಬಂತು. ಅವ್ವ ಅದನ್ನು ನಮ್ಮ ಹಿತ್ತಲಲ್ಲಿ ಹಾಕಿದಳು. ಎಷ್ಟೋ ಸಸಿ ಸತ್ತವು. ಬದುಕಿದ ಹತ್ತಾರು ಗಿಡ ಏನು ಕಾಯಿ ಬಿಟ್ಟವು ಅಂತೀರಿ! ವರ್ಷ ವರ್ಷ ಅದರದೇ ಬೀಜ ತೆಗೆದಿಟ್ಟು, ಅದರದೇ ಖಾರ ಕುಟ್ಟಿ ಎಂಟು ವರ್ಷ ಉಂಡೆವು. ಬೀಗರು ಬಂದರೆ ಅವ್ವ, “ಕರೆಂಟ್ ಮೆಣಸಿನಕಾಯಿ ಖಾರರೀ, ಬಣ್ಣ ನೋಡ್ರಿ” ಎಂದು ಮೆರೆಯುತ್ತಿದ್ದಳು.

೧೯೯೪ರ ಮೇ ತಿಂಗಳಲ್ಲಿ ಗೊತ್ತಾಯಿತು, ಅವ್ವ ನಾಲ್ಕು ತಿಂಗಳಿಂದ ಒಂದು ವಿಷಯ ಮುಚ್ಚಿಟ್ಟಿದ್ದಳು. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಹೋಗುತ್ತಿತ್ತು. ಹಾವೇರಿಯ ಡಾಕ್ಟರಮ್ಮ ನೋಡಿದವರೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಗರ್ಭಕೋಶದ ಬಾಯಿಯ ಕ್ಯಾನ್ಸರ್. “ಇನ್ನೂ ದೂರ ಹಬ್ಬಿಲ್ಲ, ಗುಣ ಆಗೂ ಜಡ್ಡು ಇದು. ಕರೆಂಟ್ ಕೊಡಬೇಕು. ಆದ್ರ ಒಂದ ತಿಂಗಳದಾಗ ಬಂದಬಿಡ್ರಿ, ತಡಾ ಮಾಡಿದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ” ಎಂದರು ಅಲ್ಲಿನ ಡಾಕ್ಟರು. ನಮ್ಮ ಕಡೆ ಈ ಚಿಕಿತ್ಸೆಗೆ ಎಲ್ಲರೂ ಹೇಳುವುದೇ ಹಾಗೆ, ಕರೆಂಟ್ ಕೊಡುವುದು ಎಂದು.

ಅವ್ವ ವಾಪಸು ಬರುವ ರೈಲಿನಲ್ಲಿ ಕೇಳಿದಳು, “ಕರೆಂಟ್ ಅಂದ್ರ ಎಂಥಾದ, ಪ್ರೇಮಾ?”

ಇಲ್ಲಿ ನೋಡಿ ನನ್ನ ಬುದ್ಧಿ. ಬಿ.ಎಸ್‌ಸಿ. ತಲೆ, ಸುಮ್ಮನಿರುತ್ತದೆಯೇ? “ಲೈಟಿನ ಕರೆಂಟ್ ಅಲ್ಲಬೇ. ಕೋಬಾಲ್ಟ್ ಅಂತ ಒಂದ ಧಾತು, ಅದರಿಂದ ಗಾಮಾ ಕಿರಣ ಬರ್ತಾವ. ಆ ಮೆಣಸಿನಕಾಯಿ ಬೀಜಕ್ಕ ಹಾಯಿಸಿದ್ರಲ್ಲ, ಅದ ಕಿರಣ! ಅವು ಹೋಗಿ ಡಿ.ಎನ್.ಎ. ತುಂಡ ಮಾಡ್ತಾವ” ಎಂದು ಹೆಮ್ಮೆಯಿಂದ ಹೇಳಿದೆ. ಅವ್ವ ಬುತ್ತಿಯಲ್ಲಿದ್ದ ಖಾರದ ಪೊಟ್ಟಣವನ್ನು ಕಿಟಕಿಯಿಂದ ಹೊರಗೆ ಒಗೆದಳು.

ಮನೆಯಲ್ಲಿ ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಇದ್ದವಳು ಅಪ್ಪನ ಅಕ್ಕ, ಹೊಳಿಯವ್ವತ್ತಿ. ಸುದ್ದಿ ಕೇಳಿ ಅತ್ತಿ ಎದೆ ಬಡಿದುಕೊಂಡು, “ಆ ತುಡುಗ ಬೀಜದ ಖಾರನ ಕೆಟ್ಟಿತು! ನಾ ಅವತ್ತ ಹೇಳಿದ್ದೆ” ಎಂದಳು. ಅವತ್ತು ಅವಳು ಏನೂ ಹೇಳಿರಲಿಲ್ಲ, ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದಳು. ಆದರೆ ಅವ್ವನ ತಲೆಯಲ್ಲಿ ಆಗಲೇ ಅದು ಕುಳಿತಾಗಿತ್ತು. “ತಿಂದ ಕರೆಂಟ್ ಸಾಲದಂತ ಮ್ಯಾಲೆ ಮತ್ತ ಹಾಯಿಸ್ಕೋಬೇಕೇನ? ನಾ ಹುಬ್ಬಳ್ಳಿಗೆ ಹೋಗೂದಿಲ್ಲ. ಇಲ್ಲೇ ಸಾಯ್ತೇನಿ” ಎಂದು ಚಾಪೆ ಹಾಸಿ ಮಲಗಿಬಿಟ್ಟಳು.

ಮರುದಿನ ಸೈದಾ ಚಿಗವ್ವ ಬಿಸಿ ಗಂಜಿ ಹಿಡಿದು ಹಿತ್ತಲ ಬಾಗಿಲಿಂದ ಓಡಿಬಂದಳು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದಳು, “ನಿನ್ನ ಬೀಜ ನನ್ನ ಹೊಟ್ಟ್ಯಾಗ ಬೇರ ಬಿಟ್ಟೈತಿ, ಸೈದಾ. ಇನ್ನ ನಮ್ಮ ಮನಿಗೆ ಬರಬ್ಯಾಡ.”

ಚಿಗವ್ವ ಗಂಜಿಯ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು, ಎರಡೂ ಕೈ ಸೆರಗಿನಲ್ಲಿ ಒರೆಸಿಕೊಂಡು ಹೋದಳು. ನಾನು ಅತ್ತುಬಿಟ್ಟೆ. ತಪ್ಪು ನನ್ನ ಬಾಯಿಯದು, ಬೈಸಿಕೊಂಡವಳು ಅವಳು.

ಆದರೆ ಸೋತು ಕೂರುವ ಜಾತಿಯೇ ಅಲ್ಲ ಅದು. ಬೆಳಕು ಹರಿಯುವುದರೊಳಗೆ ಹಿತ್ತಲ ಗೋಡೆಯ ಮೇಲೆ ಅವಳ ತಲೆ ಕಾಣಿಸಿತು. “ಏ ಪ್ರೇಮಾ, ಲಗೂನ ಸೀರಿ ಉಟ್ಕೋ. ರಾಣೆಬೆನ್ನೂರಿಗೆ ಹೋಗೂನು.”

ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ರಾಣೆಬೆನ್ನೂರು ಬರುವ ತನಕ ಅವಳು ಒಂದೇ ಒಂದು ಹೊಲದ ಕಡೆಯೂ ನೋಡಲಿಲ್ಲ.

ಹಾಲಸಿದ್ದಪ್ಪ ಸಾಹೇಬರು ಕಂಪನಿಯ ಶೆಡ್ಡಿನಲ್ಲಿ ಬೀಜದ ಚೀಲಗಳ ನಡುವೆ ನಿಂತಿದ್ದರು. ಚಿಗವ್ವ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ನೇರ ಕೇಳಿದಳು. “ಸಾಹೇಬ್ರ, ಒಂದ ಮಾತ ಖರೇ ಹೇಳ್ರಿ. ಎಂಟ ವರ್ಷದ ಹಿಂದ ನಾ ನಿಮ್ಮ ಕರೆಂಟ್ ಬೀಜ ಒಂದ ಹಿಡಿ ಕದ್ದ ಒಯ್ದಿದ್ದೆ. ನೀಲವ್ವ ಅದರ ಕಾಯಿ ತಿಂದಾಳ. ಈಗ ಅಕಿಗೆ ಕ್ಯಾನ್ಸರ್ ಬಂದೈತಿ. ನಾನ ಅಕಿನ್ನ ಕೊಲ್ಲಾಕತ್ತೇನೇನ್ರಿ?”

“ಕುಂದ್ರಿ ಸೈದಮ್ಮಾ” ಎಂದರು ಅವರು. “ಒಯ್ದದ್ದು ನನಗ ಅವತ್ತ ಗೊತ್ತಾಗಿತ್ತು. ತೂಕ ಮಾಡಿ ಇಟ್ಟಿದ್ದೆ. ಈಗ ನಾ ಕೇಳೂದಕ್ಕ ಜವಾಬ ಕೊಡ್ರಿ. ಮಾಳಗಿ ಮ್ಯಾಲೆ ಬಿಸಲಾಗ ಹಪ್ಪಳ ಒಣಗಸ್ತೀರಿ. ಸಂಜೀಕ ತಂದು ಡಬ್ಬ್ಯಾಗ ಹಾಕ್ತೀರಿ. ಕತ್ತಲಾದ ಮ್ಯಾಲೆ ಡಬ್ಬಿ ತಗದ್ರ ಬಿಸಲ ಹೊರಗ ಬರ್ತೈತೇನು?”

“ಇಲ್ಲರೀ.”

“ಹಪ್ಪಳ ಒಣಗಿದ್ದು ಉಳೀತು, ಬಿಸಲ ಉಳೀಲಿಲ್ಲ. ಕಿರಣಾನೂ ಹಂಗ. ಹಾದ ಹೋತು. ಬೀಜಕ್ಕ ಮಾಡಿದ ಗಾಯ ಉಳೀತು. ಆ ಗಾಯ ಗಿಡದ್ದು, ತಿಂದವರದಲ್ಲ. ನೀಲವ್ವಗ ಜಡ್ಡು ಯಾತರಿಂದ ಬಂತೋ ನನಗ ಗೊತ್ತಿಲ್ಲ. ನಿಮ್ಮ ಬೀಜದಿಂದ ಅಲ್ಲ, ಇಷ್ಟ ಗೊತ್ತು.”

ಚಿಗವ್ವ ಒಂದು ದೊಡ್ಡ ಉಸಿರು ಬಿಟ್ಟಳು. ಬಿಟ್ಟವಳು ಅಲ್ಲಿಗೇ ಎದ್ದು ಬಂದಿದ್ದರೆ ಅವಳು ಸೈದಾಬಿಯೇ ಅಲ್ಲ. “ಗಾಯ ಅಂದ್ರಲ್ಲ, ಎಲ್ಲಿ ಆಗ್ತೈತಿ ಗಾಯ? ನಾ ಸಾವಿರ ಬೀಜ ನೋಡೇನಿ, ಮ್ಯಾಲೆ ಒಂದ ಕಲೆ ಇರಲಿಲ್ಲ.”

ನಾನು ಒಂದೂವರೆ ಪುಟ ಶುರು ಮಾಡಲಿಕ್ಕೆ ಬಾಯಿ ತೆರೆದೆ. ಪುಣ್ಯಕ್ಕೆ ಸಾಹೇಬರೇ ಮುಂದಾದರು. ಬೀಜವಿರಲಿ, ಮನುಷ್ಯರ ಮೈಯಿರಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳಿಂದ ಆಗಿದೆ. ಒಂದೊಂದು ಕೋಣೆಯೊಳಗೂ ಎರಡೆಳೆ ಹೊಸೆದ ಒಂದು ನೂಲು ಇದೆ. ಏನು ಬೆಳೆಯಬೇಕು, ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅದರಲ್ಲೇ ಇದೆ. ಒಂದು ಕೋಣೆ ಎರಡಾಗುವಾಗ ಆ ನೂಲಿನ ಇನ್ನೊಂದು ಪ್ರತಿ ತಯಾರಾಗಬೇಕು. ಕಿರಣ ಬಡಿದು ಒಂದೆಳೆ ಕಡಿದರೆ, ಎದುರಿನ ಎಳೆ ನೋಡಿ ಕೋಣೆ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಎರಡೂ ಎಳೆ ಒಂದೇ ಜಾಗದಲ್ಲಿ ಕಡಿದರೆ ಕಷ್ಟ. ಅಂಥ ಕಡಿತ ಹತ್ತಾರು ಆದವೆಂದರೆ ಕೋಣೆ ಎರಡಾಗಲು ಹೋಗಿ ಸಾಯುತ್ತದೆ. ಇಷ್ಟನ್ನು ಅವರು ಮೂಲೆಯಲ್ಲಿದ್ದ ಸೆಣಬಿನ ಹುರಿ ಬಿಚ್ಚಿ, ಕತ್ತರಿಸಿ ತೋರಿಸಿದರು.

ಚಿಗವ್ವ ಹುರಿಯನ್ನೇ ದಿಟ್ಟಿಸುತ್ತಿದ್ದಳು. ಒಮ್ಮೆಲೇ ತೊಡೆ ತಟ್ಟಿದಳು. “ಅದಕ್ಕ! ಅದಕ್ಕ ಸಾಹೇಬ್ರ! ಅವತ್ತ ಬಾಳ ಕಿರಣದ ಮಡ್ಯಾಗ ಎಲ್ಲಾ ಬೀಜ ಹುಟ್ಟಿದ್ದೂ. ಎರಡ ಎಲಿ ಬಿಚ್ಚಿ ನಿಂತವು, ನಿಂತಾವು ಅಂದ್ರ ನಿಂತಾವು, ಮೂರನೇದು ಬರಲೇ ಇಲ್ಲ. ಆಮ್ಯಾಲೆ ಒಂದೊಂದ ಒಣಗಿದವು. ನಾ ಗೊಬ್ಬರ ಸುಟ್ಟೈತಿ ಅಂದ್ಕೊಂಡಿದ್ದೆ. ಆ ಮದಲಿನ ಎರಡ ಎಲಿ ಬೀಜದಾಗ ಕಟ್ಟಿ ಇಟ್ಟ ತವರಮನಿ ಬುತ್ತಿ. ನೀರ ಕುಡದ್ರ ಬಿಚ್ಚಿಕೊಂತಾವ. ಮೂರನೇ ಎಲಿ ತಾನ ದುಡದ ತಗೀಬೇಕು. ಕೋಣಿ ಎರಡಾಗದಿದ್ರ ಎಲ್ಲಿಂದ ಬರಬೇಕದು?”

ಸಾಹೇಬರು ಚಪ್ಪಾಳೆ ತಟ್ಟಿದರು. ಸುಳ್ಳಲ್ಲ, ಆ ಶೆಡ್ಡಿನಲ್ಲಿ ಒಬ್ಬರೇ ನಿಂತು ಚಪ್ಪಾಳೆ ತಟ್ಟಿದರು. ಮೂರು ವರ್ಷ ಓದಿ ಪಾಸಾದ ಪಾಠ ನನಗೆ ಅರ್ಥವಾದದ್ದು ಆ ನಿಮಿಷ. ಕ್ಯಾನ್ಸರ್ ಎಂದರೂ ಅದೇ ತಾನೆ, ನಿಲ್ಲುವುದನ್ನು ಮರೆತು ಎರಡು ನಾಲ್ಕಾಗುತ್ತ ಓಡುವ ಕೋಣೆಗಳು. ಓಡುವವರಿಗೇ ಕಾಲು ಮುರಿದರೆ ಜಾಸ್ತಿ ಪೆಟ್ಟು.

“ಒಂದ ಮಾತ ಮುಚ್ಚಿಡಂಗಿಲ್ಲ” ಎಂದರು ಸಾಹೇಬರು. “ಕಿರಣದಿಂದ ಕ್ಯಾನ್ಸರ್ ಬರೂದ ಸುಳ್ಳಲ್ಲ. ಕಡದ ನೂಲ ತಪ್ಪಾಗಿ ಗಂಟ ಹಾಕ್ಕೊಂಡ್ರ, ಹತ್ತಿಪ್ಪತ್ತ ವರ್ಷಕ್ಕ ಆ ಕೋಣಿ ಕೆಡಬಹುದು. ಅದಕ್ಕ ಮಷೀನ್ ನಡಸೂ ಮಂದಿ ದಪ್ಪನ ಗ್ವಾಡಿ ಹಿಂದ ನಿಂದರ್ತಾರ.” ಚಿಗವ್ವ ತಲೆಯಾಡಿಸಿದಳು. “ಇದನ್ನೂ ಹೇಳ್ತೇನ್ರಿ ಅಕಿಗೆ. ಆದ್ರ ನೀಲವ್ವ ಮಾತ ಕೇಳೂಕಿ ಅಲ್ಲ, ಗಿಡ ಕೇಳೂಕಿ” ಎಂದಳು. ಆ ವರ್ಷವೂ ಮುಂಬೈಗೆ ಹೋಗಿ ಬಂದಿದ್ದ ಬೀಜದಲ್ಲಿ ಮೂರು ಪೊಟ್ಟಣ ಕಟ್ಟಿಸಿಕೊಂಡಳು: ಕಿರಣ ಹಾಯದ್ದು ಒಂದು, ಹದವಾಗಿ ಹಾದದ್ದು ಒಂದು, ವಿಪರೀತ ಹಾದದ್ದು ಒಂದು.

ಊರಿಗೆ ಬಂದ ಎರಡೇ ದಿನಕ್ಕೆ ಮೂರು ಎಣ್ಣೆ ಡಬ್ಬಿಗಳನ್ನು ಅಡ್ಡ ಸೀಳಿ, ಮಣ್ಣು ಗೊಬ್ಬರ ತುಂಬಿ, ಬೀಜ ಹಾಕಿ ನಮ್ಮ ಹಿತ್ತಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಡಬ್ಬಿಗಳ ತಳದಲ್ಲಿ ಮೊಳೆಯಿಂದ ತೂತು ಮಾಡಿ ಒಂದಕ್ಕೆ ಬಿಳಿ, ಒಂದಕ್ಕೆ ನೀಲಿ, ಒಂದಕ್ಕೆ ಕೆಂಪು ದಾರ ಕಟ್ಟಿದ್ದಳು, ಮೇಲಿಂದ ನೋಡಿದರೆ ಕಾಣದ ಹಾಗೆ. ನನಗೂ ಹೇಳಲಿಲ್ಲ. “ಗೊತ್ತಾದ್ರ ಕಣ್ಣ ಸುಳ್ಳ ಹೇಳ್ತಾವ” ಎಂದಳು. ಆಮೇಲೆ ಬಾಗಿಲ ಹೊರಗೇ ನಿಂತು ಒಳಗೆ ಕೂಗಿದಳು, “ನೀಲವ್ವಾ, ಮೂರ ಥರದ ಬೀಜ ಹಾಕೇನಿ, ಕರೆಂಟ್ ಬೀಜಾನೂ ಅದಾವ. ಯಾವದು ಏನಂತ ಇಪ್ಪತ್ತೊಂದನೇ ದಿನಕ್ಕ ಹೇಳ್ತೇನಿ. ಅಲ್ಲೀತನಾ ನನ್ನ ಕೂಡ ಮಾತಾಡಬ್ಯಾಡ. ನೀರಷ್ಟ ಹಾಕು.”

“ಒಗದ ಬಿಡ್ರಿ ಅವನ್ನ!” ಎಂದಳು ಹೊಳಿಯವ್ವತ್ತಿ. ಆದರೆ ಸಂಜೆ ನಾನು ನೋಡುತ್ತೇನೆ, ಅವ್ವ ಚಾಪೆ ಬಿಟ್ಟು ಎದ್ದು ತಂಬಿಗೆಯಿಂದ ಬೊಗಸೆ ಬೊಗಸೆ ನೀರು ಚಿಮುಕಿಸುತ್ತಿದ್ದಾಳೆ. ಇಪ್ಪತ್ತು ವರ್ಷ ಸಸಿ ಸಾಕಿದ ಕೈ ಬೀಜವನ್ನು ಬಾಯಾರಲು ಬಿಡುವುದಿಲ್ಲ. ಚಿಗವ್ವನಿಗೆ ಅದು ಗೊತ್ತಿತ್ತು.

ನಾನು ಮಾತ್ರ ದಿನ ಎಣಿಸುತ್ತಿದ್ದೆ. ಡಾಕ್ಟರು ಕೊಟ್ಟ ಒಂದು ತಿಂಗಳಲ್ಲಿ ಐದು ದಿನ ಆಗಲೇ ಹೋಗಿದ್ದವು. ಇಪ್ಪತ್ತೊಂದು ದಿನ ಈ ಡಬ್ಬಿಗಳಿಗೆ ಹೋದರೆ ಉಳಿಯುವುದೆಷ್ಟು? “ಚಿಗವ್ವ, ಹೊತ್ತುಕೊಂಡ ಹೋಗೂನು ಅವ್ವನ್ನ” ಎಂದರೆ, “ಹೊತ್ತುಕೊಂಡ ಹೋಗಾಕ ಅಕಿ ಏನ ಚೀಲಾನ? ಇಪ್ಪತ್ತೈದ ದಿವಸ ದಿನಾ ಹೋಗಿ ಮಲಗಬೇಕು. ಮನಸ್ಸ ಇಲ್ಲಂದ್ರ ಮೂರನೇ ದಿನಕ್ಕ ಓಡಿ ಬರ್ತಾಳ” ಎನ್ನುತ್ತಿದ್ದಳು. ಆದರೂ ಬೀಜವನ್ನು ಮೊದಲೇ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಹುಲ್ಲಿನ ಬಣವೆಯೊಳಗೆ ಬೆಚ್ಚಗೆ ಇಟ್ಟು ಬಿತ್ತಿದ್ದಳು. ಆರನೆಯ ದಿನಕ್ಕೇ ಮೂರೂ ಡಬ್ಬಿಯಲ್ಲಿ ಹಸಿರು ಕೊಕ್ಕೆಗಳು ಎದ್ದವು. ನಾನು ಕುಣಿದುಬಿಟ್ಟೆ. ಮರುದಿನ ನೋಡಿದರೆ ಮೂರೂ ಒಂದೇ ಥರ! ಎಲ್ಲವೂ ಎರಡೆಲೆ ಬಿಚ್ಚಿ ನಗುತ್ತಿದ್ದವು. ಗೋಡೆಯ ಆಚೆಯಿಂದ ಚಿಗವ್ವ ಪಿಸುಗುಟ್ಟಿದಳು, “ಬುತ್ತಿ ತೀರ್ಲಿ, ತಡಿ.”

ಹದಿನೆಂಟನೆಯ ದಿನ ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಹಿತ್ತಲಿಂದ ಚಿಗವ್ವನ ಕಿರುಚಾಟ ಕೇಳಿತು. “ಯಾ ಅಲ್ಲಾ! ಯಾರ ಕಿತ್ತಿದ್ದು? ಯಾರ ಕೈ ಇದು, ಮುರಕೊಂಡ ಬೀಳ್ಲಿ!” ಹಿಟ್ಟಿನ ಕೈಯಲ್ಲೇ ಓಡಿದೆ. ಮೂರು ಡಬ್ಬಿಗಳಲ್ಲಿ ಒಂದು ಪೂರಾ ಬೋಳು. ಒಂದು ಸಸಿಯೂ ಇಲ್ಲ. ಕಟ್ಟೆಯ ಕೆಳಗೆ ಬಾಡಿದ ಸಸಿಗಳ ಗುಪ್ಪೆ. ಹದಿನೆಂಟು ದಿನ ಉಸಿರು ಹಿಡಿದು ಕಾದದ್ದು ಮಣ್ಣು ಪಾಲು. ಇನ್ನೊಮ್ಮೆ ಬಿತ್ತಲು ದಿನವೂ ಉಳಿದಿರಲಿಲ್ಲ.

“ನಾನ ಕಿತ್ತೇನಿ” ಎಂದಳು ಅವ್ವ, ಬಾಗಿಲಲ್ಲಿ ನಿಂತು. ಚಿಗವ್ವನ ಜೊತೆ ಅವಳು ಮತ್ತೆ ಬಾಯಿ ಬಿಟ್ಟದ್ದು ಆಗಲೇ. “ಏನೀಗ? ದಿನಾ ನೀರ ಹಾಕಿ ಹಾಕಿ ನೋಡಿದೆ, ಮೂರನೇ ಎಲಿ ಹೊಡೀವಲ್ವು. ಬೆಳೀದ ಸಸಿಗೆ ನೀರ ದಂಡ ಅಂತ ನೀನ ಕಲಿಸಿದ್ದಿಲ್ಲೇನ? ಕೈ ತಡೀಲಿಲ್ಲ, ಕಿತ್ತೆ.”

ಬೈಯಲು ಬಾಯಿ ತೆರೆದಿದ್ದ ಚಿಗವ್ವ ಬಗ್ಗಿ ಆ ಗುಪ್ಪೆಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ಎಷ್ಟ ಕಿತ್ತಿ?”

“ಅದರಾಗ ಇದ್ದದ್ದೆಲ್ಲಾ. ಎಲ್ಲಾ ಒಂದ ಹಣೆಬರದಾವು.”

“ಈ ಎರಡ ಡಬ್ಬ್ಯಾಗಿಂದು ಯಾಕ ಕೀಳಲಿಲ್ಲ?”

“ಅವು ಬೆಳ್ಯಾಕತ್ತಾವಲ್ಲ! ಈ ಕಡೇದು ಛೊಲೋ ಅದಾವ. ನಡುವಿನವು ಮಂದ. ಜಡ್ಡಿನ ಮಂದಿ ಹಂಗ ಕುಂತಿದ್ದೂ, ಮೂರ ದಿವಸದಿಂದ ಏಳಾಕತ್ತಾವ. ಒಂದರ ಎಲಿ ಅರ್ಧ ಬೆಳ್ಳಗ ಬಂದೈತಿ. ಬೆರಕಿ ಅಂತ ಕೀಳಬೇಕ ಅಂದೆ, ಆದ್ರ ಎಲಿ ಒಡದೈತಿ, ಇರವಲ್ದ್ಯಾಕ ಅಂತ ಬಿಟ್ಟೆ.”

ಚಿಗವ್ವ ಬೋಳು ಡಬ್ಬಿಯನ್ನು ಎತ್ತಿ ಬುಡಮೇಲು ಮಾಡಿದಳು. ಮಣ್ಣೆಲ್ಲ ಅವಳ ಸೀರೆಯ ಮೇಲೆ ಸುರಿಯಿತು. ತಳದಲ್ಲಿ ಕೆಂಪು ದಾರ.

“ನೀಲವ್ವಾ!” ಎಂದು ಕೂಗಿದವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. “ನಾ ಯಾರಿಗೂ ಹೇಳಿಲ್ಲ. ನಿನ್ನ ಬೆರಳ ಆರಿಸ್ಯಾವ ನೋಡ! ಬಾಳ ಕಿರಣ ಹಾದದ್ದು ಇದ ಒಂದ. ಕಿರಣ ಇದರೊಳಗ ಉಳದಿಲ್ಲ, ನಿನ್ನ ಬೆರಳಿಗೆ ಅಂಟಂಗಿಲ್ಲ. ಒಳಗಿನ ನೂಲ ಕಡದ ಹೋಗ್ಯಾದ, ಬೆಳ್ಯಾಕ ಆಗವಲ್ದು. ನಿನ್ನ ಹೊಟ್ಟ್ಯಾಗಿನ ಗಂಟು ಏನಂದಿ? ಅದು ಬೆಳಿಯೂದರ ಮ್ಯಾಲೆ ಬದುಕಿರೂದು. ಬೆಳಿಯೂದ ಬಂದಾದ್ರ ಅದರ ಕತಿ ಇದ!” ಎಂದು ಬಾಡಿದ ಗುಪ್ಪೆಯಿಂದ ಒಂದು ಮುಷ್ಟಿ ಎತ್ತಿ ಅವ್ವನ ಅಂಗೈಯಲ್ಲಿ ಇಟ್ಟಳು.

ಅವ್ವ ಅದರೊಳಗಿಂದ ಒಂದನ್ನು ಎತ್ತಿ, ಕಣ್ಣ ಹತ್ತಿರ ಹಿಡಿದು, ಎರಡೆಲೆಗಳ ನಡುವಿನ ಸುಳಿಯನ್ನು ಉಗುರಿನಿಂದ ಬಿಡಿಸಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಇನ್ನೊಂದು ನೋಡಿದಳು. ಮತ್ತೊಂದು. ಕೊನೆಗೆ ಅವಳು ಕೇಳಿದ ಪ್ರಶ್ನೆಗೆ ನನ್ನ ಬಿ.ಎಸ್‌ಸಿ. ತಲೆ ತಗ್ಗಿಸಬೇಕು. “ಹಂಗಾದ್ರ ನನ್ನ ಮೈಯಾಗಿನ ಛೊಲೋ ಕೋಣಿಗೋಳೂ ಹಿಂಗ ಆಗೂದಿಲ್ಲೇನು?”

“ಅದಕ್ಕ ಈ ನಡುವಿನ ಡಬ್ಬಿ” ಎಂದಳು ಚಿಗವ್ವ. “ಹದಾ ಮಾಡಿ ಹಾಯಿಸಿದ್ದು. ಮಂಕಾದವು, ನೂಲ ಕೂಡಿಸ್ಕೊಂಡವು, ಎದ್ದವು. ಅದಕ್ಕ ಡಾಕ್ಟರ ದಿನಕ್ಕ ಇಷ್ಟಿಷ್ಟ ಕೊಡ್ತಾರ, ಮರುದಿವಸದೊಳಗ ಛೊಲೋ ಕೋಣಿ ರಿಪೇರಿ ಮಾಡ್ಕೊಳ್ಳಿ ಅಂತ. ಸಾಹೇಬ್ರ ಹೇಳ್ಯಾರ. ಕೆಟ್ಟಾವಕ್ಕ ಆ ರಿಪೇರಿ ಅಷ್ಟ ಛಂದ ಬರೂದಿಲ್ಲ. ಇನ್ನೊಂದು ಕೇಳ. ಸುಳ್ಳ ಹೇಳಂಗಿಲ್ಲ. ಆ ಬೆಳ್ಳನ ಎಲಿ ಐತಲ್ಲ, ಹಂಗ ಎಲ್ಲರೆ ಒಂದ ಕೋಣಿ ತಪ್ಪ ಗಂಟ ಹಾಕ್ಕೊಂಡ್ರ, ಹತ್ತಿಪ್ಪತ್ತ ವರ್ಷಕ್ಕ ಅದರಿಂದ ಜಡ್ಡ ಬಂದರೂ ಬರಬಹುದು ಅಂದಾರ ಸಾಹೇಬ್ರು.”

ನಾನು ಹೆದರಿ ಚಿಗವ್ವನ ಕೈ ಹಿಂಡಿದೆ. ಇಷ್ಟು ಮಾಡಿ ಈಗ ಇದನ್ನು ಹೇಳಬೇಕೇ? ಅವ್ವ ಮಾತ್ರ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದಳು. “ಈಗಿನ ಗಂಟು ಎಷ್ಟ ದಿನಾ ಬಿಡ್ತೈತಿ?”

“ಮುಂದಿನ ದೀಪಾವಳಿ ನೋಡೂದು ಕಷ್ಟ” ಎಂದೆ ನಾನು.

“ಇಪ್ಪತ್ತ ವರ್ಷದ್ದು ಇಪ್ಪತ್ತ ವರ್ಷಕ್ಕ ನೋಡ್ಕೊಂತೇನಿ” ಎಂದು ಅವ್ವ ಎದ್ದಳು. “ಯಾವಾಗ ಹೋಗೂದು ಹುಬ್ಬಳ್ಳಿಗೆ?”

“ನಾಳೆ!”

“ನಾಳೆ ಅಮಾಸಿ” ಎಂದಳು ಹೊಳಿಯವ್ವತ್ತಿ ಒಳಗಿನಿಂದ.

“ಕರೆಂಟ್‌ಗೆ ಅಮಾಸಿ ಇಲ್ಲ, ಅಕ್ಕಾ” ಎಂದಳು ಅವ್ವ. ಆ ಮಾತಿಗೆ ನಾನೂ ಚಿಗವ್ವನೂ ನಕ್ಕ ನಗು ಮೂರು ಮನೆ ಆಚೆಗೆ ಕೇಳಿರಬೇಕು.

ಚಿಗವ್ವ ಅವ್ವನ ಜೊತೆ ತಾನೇ ಹೊರಟಳು. ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಬಗಲಲ್ಲಿ ಬಟ್ಟೆಗಂಟು, ತೋಳಲ್ಲಿ ಆ ನಡುವಿನ ಡಬ್ಬಿ. ಟಿ.ಸಿ. ಬಂದು ಇದೇನು ಎಂದು ಕೇಳಿದರೆ, “ನೀಲವ್ವನ ಒಳಗಿನ ಚಿತ್ರರೀ ಇದು” ಎಂದು ಅವನ ತಲೆ ಕೆಡಿಸಿದಳು. ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯ ಕಿಟಕಿಯಲ್ಲಿ ಡಬ್ಬಿ ಕುಳಿತಿತು.

ಮಷೀನು ನಡೆಸುವ ಹುಡುಗಿ ಜಾಹೀದಾ. ಚಿಗವ್ವ ಮೊದಲ ದಿನವೇ ಅವಳ ಜೊತೆ ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಗೋಡೆ ಎಷ್ಟು ದಪ್ಪ, ಎದೆಗೆ ಸಿಗಿಸಿಕೊಂಡ ಆ ಚೀಟಿ ಏನು ಎಂದೆಲ್ಲ ವಿಚಾರಣೆ ಮಾಡಿದಳು. ಮೈಮೇಲೆ ಬಿದ್ದ ಕಿರಣವನ್ನು ಅಳೆಯುವ ಚೀಟಿ ಅದು ಎಂದು ಗೊತ್ತಾದಾಗ, “ತಿಂಗಳಾ ತಿಂಗಳಾ ತೋರಸ್ತಿಯಿಲ್ಲ ಮತ್ತ? ಮೈಮರೀಬ್ಯಾಡ ಬೇಟಾ” ಎಂದು ಬುದ್ಧಿ ಹೇಳಿದಳು. ಅವ್ವ ಒಬ್ಬಳೇ ಒಳಗೆ ಹೋದಳು, ಭಾರದ ಬಾಗಿಲು ಮುಚ್ಚಿತು. ಎರಡೇ ನಿಮಿಷ. ಹೊರಗೆ ಬಂದವಳಿಗೆ ನಿರಾಸೆ. “ಏನೂ ಆಗಲಿಲ್ಲಲ್ಲ! ಬಲ್ಬ್ ಸೈತ ಹತ್ತಲಿಲ್ಲ” ಎಂದಳು.

ಆದರೆ ಮೂರನೆಯ ವಾರದಿಂದ ಒಂದೊಂದೇ ಆಗತೊಡಗಿತು. ಭೇದಿ, ಸುಸ್ತು, ಸೊಂಟದ ಚರ್ಮ ಕಪ್ಪಾಯಿತು. ಹೊಟ್ಟೆಯೊಳಗಿನ ಪೊರೆಯ ಕೋಣೆಗಳೂ ಬೇಗ ಬೇಗ ಬೆಳೆಯುವಂಥವು, ಅದಕ್ಕೇ ಅವಕ್ಕೂ ಪೆಟ್ಟು ಎಂದಳು ಜಾಹೀದಾ. ಖಾರ ಪೂರ್ತಿ ಬಂದ್. ಅನ್ನ, ಮಜ್ಜಿಗೆ, ಬಾಳೆಹಣ್ಣು. ಹುಟ್ಟಿದಾಗಿನಿಂದ ಖಾರ ತಿಂದ ಬಾಯಿ ಅದು. ಹದಿನೇಳನೆಯ ದಿನ ಅವ್ವ, “ಸಾಕ, ನನ್ನ ಊರಿಗೆ ಕಳಸ” ಎಂದು ಅತ್ತುಬಿಟ್ಟಳಂತೆ. ಚಿಗವ್ವ ಕಿಟಕಿಯಿಂದ ಡಬ್ಬಿ ತಂದು ಅವಳ ಮುಂದೆ ಇಟ್ಟಳು. ಸಸಿಗಳು ಗೇಣುದ್ದವಾಗಿದ್ದವು. ಅವ್ವ ಬಹಳ ಹೊತ್ತು ಎಲೆ ಎಣಿಸಿದಳು. ಮರುದಿನ ಎದ್ದು ತಾನೇ ಆಸ್ಪತ್ರೆಗೆ ನಡೆದಳು. ಇಪ್ಪತ್ತೈದೂ ಮುಗಿಸಿದಳು, ಗರ್ಭಕೋಶದ ಒಳಗಿನಿಂದಲೇ ಕಿರಣ ಕೊಡುವ ಇನ್ನೊಂದು ಚಿಕಿತ್ಸೆಯನ್ನೂ ಮುಗಿಸಿಯೇ ಬಂದಳು.

೧೯೯೫ರ ಜನವರಿಯಲ್ಲಿ ಮೂರನೆಯ ಸಲ ತಪಾಸಣೆ. ಡಾಕ್ಟರು ಎರಡೆರಡು ಬಾರಿ ನೋಡಿ, “ಗಂಟು ಕರಗೇತ್ರಿ ತಾಯಿ, ಒಂದ ಚೂರೂ ಇಲ್ಲ” ಎಂದರು. ನಾನು ಡಾಕ್ಟರ ಕಾಲಿಗೆ ಬೀಳಲು ಹೋಗಿ ಸ್ಟೂಲು ಕೆಡವಿದೆ. ಅವ್ವ ಕೇಳಿದ್ದು ಒಂದೇ ಮಾತು, “ಖಾರ ತಿನ್ನಬಹುದೇನ್ರಿ?” ಸ್ವಲ್ಪ ಸ್ವಲ್ಪ ತಿನ್ನಿ ಎಂದರು.

ಮರುದಿನ ಮಧ್ಯಾಹ್ನ ಚಿಗವ್ವ ಒಂದು ಬಟ್ಟಲಲ್ಲಿ ರಂಜಕ ಮಾಡಿ ತಂದಳು. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಹುಳಿ ಹಾಕಿ ರುಬ್ಬಿದ್ದು, ಮೇಲೆ ಬೆಣ್ಣೆ. ಅತ್ತಿ ಬಿಸಿ ರೊಟ್ಟಿ ಬಡಿದಳು. ಅವ್ವ ರೊಟ್ಟಿ ಮುರಿದವಳು ಬಟ್ಟಲು ನೋಡಿ ಕೇಳಿದಳು, “ಇದು ಎಲ್ಲಿ ಕಾಯಿ?”

“ಬ್ಯಾಡಗಿ ಪ್ಯಾಟ್ಯಾಗಿಂದು. ಮಲಂಗಸಾಬನ ಕಡೆ ತರಿಸೇನಿ. ಏನ ಹೆದರಬ್ಯಾಡ, ತಿನ್ನು” ಎಂದಳು ಚಿಗವ್ವ, ಮುಖ ತಗ್ಗಿಸಿ. ಡಬ್ಬಿಯ ಸಸಿಗಳನ್ನು ಅವಳು ತನ್ನ ಹಿತ್ತಲಲ್ಲೇ ನೆಟ್ಟಿದ್ದಳು, ನಮ್ಮ ಕಡೆ ಒಂದೂ ನೆಟ್ಟಿರಲಿಲ್ಲ. ಆ ಗಿಡಗಳ ಒಂದು ಕಾಯಿಯನ್ನೂ ನಮ್ಮ ಮನೆಗೆ ತಂದಿರಲಿಲ್ಲ. ಮನೆಗೆ ಬರಬೇಡ ಎಂದ ಮಾತು ಇನ್ನೂ ಅವಳೊಳಗೆ ಇತ್ತು.

ಅವ್ವ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಹಿತ್ತಲ ಗೋಡೆಯ ಸಂದಿನಿಂದ ಚಿಗವ್ವನ ಹಿತ್ತಲಿಗೆ ಹೋದಳು. ನಾವೆಲ್ಲ ಹಿಂದೆ ಓಡಿದೆವು. ಸಾಲಿನ ಕೊನೆಯಲ್ಲಿ ಆ ಅರ್ಧ ಬಿಳಿ ಎಲೆಯ ಗಿಡವಿತ್ತು, ಅದರಲ್ಲಿ ಐದಾರು ಕೆಂಪು ಕಾಯಿ. ಒಂದನ್ನು ಕಿತ್ತು, ಸೆರಗಿನಲ್ಲಿ ಒರೆಸಿ, ಅಲ್ಲೇ ನಿಂತು ಕಚ್ಚಿದಳು. ಅವಳ ಕಣ್ಣಲ್ಲಿ ನೀರು ಬಂತು. ಬ್ಯಾಡಗಿ ಕಾಯಿ ಅಷ್ಟು ಖಾರ ಇರುವುದಿಲ್ಲ.

ಉಳಿದ ಅರ್ಧ ಕಾಯಿಯನ್ನು ಚಿಗವ್ವನ ಕೈಗೆ ಕೊಟ್ಟಳು.

“ಬೀಜ ತಗದ ಇಡು, ಸೈದಾ” ಎಂದಳು. “ಮುಂದಿನ ವರ್ಷ ನಮ್ಮ ಹಿತ್ತಲದಾಗ ಹಾಕೂನು.”